ರೆಕ್ಕೆಯ ಕೆಳಗಿನ ಹೆಸರು

ನೆರೆಗಾಲ, ಎರಡನೇ ತಿಂಗಳು, ಹನ್ನೆರಡನೇ ದಿನ

ಇವತ್ತು ನಡೆದದ್ದನ್ನು ಯಾರ ಹತ್ತಿರವೂ ಹೇಳುವ ಹಾಗಿಲ್ಲ. ಅದಕ್ಕೇ ಸುಣ್ಣಕಲ್ಲಿನ ಚಕ್ಕೆ ಹುಡುಕಿಕೊಂಡು ಬರೆಯಲು ಕುಳಿತೆ. ಕಲ್ಲುಕುಟಿಗರ ಊರಿನಲ್ಲಿ ಚಕ್ಕೆಗೇನು ಬರ, ಕಾಲಿಟ್ಟಲ್ಲೆಲ್ಲ ಚುಚ್ಚುತ್ತವೆ.

ಬೆಳಿಗ್ಗೆ ಸತ್ತ ಮಂತ್ರಿಯ ಸಮಾಧಿಗುಡಿಯಲ್ಲಿ ಕೊನೆಯ ಗೋಡೆಗೆ ಗೆರೆ ಹೊಡೆಯುತ್ತಿದ್ದೆವು. ಕೆಮ್ಮಣ್ಣಿನ ನೀರಲ್ಲಿ ಅದ್ದಿದ ದಾರದ ಒಂದು ತುದಿ ಮಾವ ನೆಬ್ಸೇನಿಯವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. "ಗಟ್ಟಿಯಾಗಿ ಹಿಡ್ಕೊಳ್ಳೋ ಮಹು, ನೀನು ಅಲುಗಾಡಿದ್ರೆ ಗೆರೆ ಕೆಡುತ್ತೆ" ಅಂದರು. ಹದಿನೆಂಟು ವರ್ಷದಿಂದ ಇದೇ ಮಾತು. ನಾನು ಅನಾಥನಾಗಿ ಅವರ ಅಂಗಳಕ್ಕೆ ಬಂದಾಗ ಹೇಳಿದ್ದು, ಮಗಳು ತಾಮಿತ್‌ಳನ್ನು ಕೊಟ್ಟು ಮದುವೆ ಮಾಡಿದ ಮೇಲೂ ಹೇಳುತ್ತಿರುವುದು.

ಅಷ್ಟರಲ್ಲಿ ಅರಮನೆಯ ಕರಣಿಕ ಕೆನ್ನ ಕತ್ತೆಯಿಂದ ಇಳಿದು ಒಳಗೆ ಬಂದ. ಹೊಸ ದೊರೆಯ ಅಪ್ಪಣೆಯನ್ನು ಓದಿದ. ಈ ಮಂತ್ರಿ ದ್ರೋಹಿಯಂತೆ. ಗುಡಿ ಇನ್ನು ಮೇಲೆ ಬೇರೆ ಅಧಿಕಾರಿಗೆ. ದ್ರೋಹಿಯ ಹೆಸರು ಒಂದು ಕಡೆಯೂ ಉಳಿಯಬಾರದು, ಎಲ್ಲ ಕೆತ್ತಿ ತೆಗೆಯಬೇಕು.

ಮಾವ ದಾರವನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಸ್ವಾಮಿ, ನನ್ನ ಉಳಿಗೆ ಹೆಸರು ಹುಟ್ಟಿಸೋದು ಗೊತ್ತು. ಸಾಯಿಸೋದು ನಾನು ಕಲಿಸಿಲ್ಲ."

"ಕಲಿಯೋಕೆ ಎಷ್ಟು ದಿನ ಬೇಕು?" ಅಂದ ಕೆನ್ನ.

"ನನ್ನ ಆಯಸ್ಸು ಸಾಲಲ್ಲ."

ನಮ್ಮ ಜೊತೆಗಾರ ಹೇಬಿ ಕಿಸಕ್ಕೆಂದು ನಕ್ಕ. ಕೆನ್ನ ನಗಲಿಲ್ಲ. ಮಾವನ ಮಾತು ಸರಿಯೇ. ಹೆಸರೊಂದು ಉಳಿದರೆ ಸತ್ತವನು ಪಶ್ಚಿಮದ ಸತ್ತವರ ನಾಡಿನಲ್ಲಿ ಉಣ್ಣುತ್ತಾನೆ, ಉಸಿರಾಡುತ್ತಾನೆ. ಹೆಸರು ಹೋದರೆ ಅದು ಎರಡನೇ ಸಾವು, ಅಲ್ಲಿಂದ ಯಾರೂ ಎದ್ದು ಬಂದಿಲ್ಲ. ಅಂಥ ಕೆಲಸಕ್ಕೆ ಯಾವ ಕೈ ಏಳುತ್ತದೆ? ದೇವರೇ, ನನ್ನ ಕೈಗೆ ಅದು ಬಾರದಿರಲಿ.

ಹದಿಮೂರನೇ ದಿನ

ಬೆತ್ತದವರು ಬಂದರು. ಮಾವನ ಅಂಗಾಲಿಗೆ ನೂರು ಏಟು. ಕಾಲು ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಕೆನ್ನ ನನ್ನತ್ತ ಬೆರಳು ಮಾಡಿದ. ನಾನು ಹಿಡಿಯದಿದ್ದರೆ ಇನ್ನೊಬ್ಬ ಹಿಡಿಯುತ್ತಿದ್ದ, ಹಿಡಿದೆ.

ಮೊದಲ ಏಟಿಗೆ ಕಾಲು ನನ್ನ ಕೈಯೊಳಗೆ ಮೀನಿನ ಹಾಗೆ ಒದ್ದಾಡಿತು. ಮಾವ ಕತ್ತು ತಿರುಗಿಸಿ ನನ್ನನ್ನೇ ನೋಡಿದರು. "ಗಟ್ಟಿಯಾಗಿ ಹಿಡ್ಕೊಳ್ಳೋ ಮಹು, ಅಲುಗಾಡಿದ್ರೆ ಗೆರೆ ಕೆಡುತ್ತೆ."

ಇನ್ನು ಬರೆಯಲಾರೆ.

ಇಪ್ಪತ್ತೊಂದನೇ ದಿನ

ನೆಬ್ಸೇನಿ ಹೋದರು. ಅಂಗಾಲಿನ ಗಾಯ ಕೊಳೆತು ಮೊಣಕಾಲಿನವರೆಗೆ ಕಪ್ಪೇರಿತ್ತು. ಜೇನು, ಕೊಬ್ಬು, ಮಂತ್ರ ಯಾವುದೂ ಹಿಡಿಯಲಿಲ್ಲ.

ಕೊನೆಯಲ್ಲಿ ತಾಮಿತ್‌ಳನ್ನೂ ನನ್ನನ್ನೂ ಹತ್ತಿರ ಕರೆದರು. "ಇವರು ನನ್ನ ಹೆಸರನ್ನೂ ಕೀಳ್ತಾರೆ ಕಣ್ರೋ. ಕೀಳಲಿ. ಬಾತುಕೋಳೀನ ಮಾತ್ರ ನೋಡ್ಕೊಳ್ಳಿ."

ಬಾತುಕೋಳಿಯ ವಿಷಯ ಗೊತ್ತಿರುವುದು ನಮ್ಮಿಬ್ಬರಿಗೇ. ದೊಡ್ಡವರ ಗೋಡೆಯಲ್ಲಿ ಕೆತ್ತಿದವನ ಹೆಸರಿಗೆ ಜಾಗವಿಲ್ಲ. ಆದರೆ ಮಂತ್ರಿಯ ಆ ಗುಡಿಯ ಉತ್ತರದ ಗೋಡೆಯಲ್ಲಿ, ಬಲೆಯಿಂದ ತಪ್ಪಿಸಿಕೊಂಡು ಹಾರುವ ಒಂದು ಬಾತುಕೋಳಿ ಇದೆ. ಅದರ ಎಡ ರೆಕ್ಕೆಯ ಕೆಳಗೆ, ಗರಿಗಳ ಗೀರುಗಳ ಜೊತೆ ಗೀರಾಗಿ ನೆಬ್ಸೇನಿ ಎಂಬ ಹೆಸರಿದೆ. ಹೆಬ್ಬೆರಳಿನ ಉಗುರಿನಷ್ಟು. ಮದುವೆಯ ದಿನ ನನ್ನ ಬೆರಳು ಹಿಡಿದು ಅದರ ಮೇಲೆ ಇಟ್ಟು, "ಇದೇ ನಿನಗೆ ನಾನು ಕೊಡೋ ಆಸ್ತಿ" ಅಂದಿದ್ದರು.

ತಾಮಿತ್ ಅಳುತ್ತಾ ಇದ್ದಾಳೆ. ತಲೆಗೆ ಮಣ್ಣು ಹಾಕಿಕೊಂಡು, ಎದೆ ಬಡಿದುಕೊಂಡು. ಅವಳನ್ನು ಸುಮ್ಮನಿರಿಸಲು ನನಗೆ ಯಾವ ಮುಖವಿದೆ? ಅವರ ಕಾಲು ಹಿಡಿದ ಕೈ ಇದು.

ನೆರೆಗಾಲ, ಮೂರನೇ ತಿಂಗಳು, ನಾಲ್ಕನೇ ದಿನ

ಮೇಸ್ತ್ರಿಯ ಸ್ಥಾನ ನನಗೆ ಬಂತು. ಬೇಡವೆಂದವನ ಅಂಗಾಲು ಏನಾಗುತ್ತದೆ ಎಂದು ನೋಡಿದವನು ನಾನು. ಒಪ್ಪಿಕೊಂಡೆ.

ಇವತ್ತು ಮೊದಲ ಹೆಸರು ತೆಗೆದೆ. ಕೊಡತಿ ಎತ್ತುವ ಮೊದಲು ಮೂರು ಸಲ ಕ್ಷಮೆ ಕೇಳಿದೆ. ಉಳಿ ತಾಗಿ ಮೊದಲ ಅಕ್ಷರದ ಮೂಲೆ ಹಾರಿದಾಗ ಹೊರಗೆ ಓಡಿಹೋಗಿ ವಾಂತಿ ಮಾಡಿದೆ. ಹೇಬಿ ನೀರು ತಂದುಕೊಟ್ಟು, "ಮೊದಲ ದಿನ ಸೂಲಗಿತ್ತಿಗೂ ಹೀಗೇ ಆಗುತ್ತಂತೆ ಮಾರಾಯ" ಅಂದ. ಅವನ ಬಾಯಿಗಿಷ್ಟು ಬೆಂಕಿ ಹಾಕ.

ಮೂರನೇ ತಿಂಗಳು, ಹದಿನೈದನೇ ದಿನ

ಕೆನ್ನ ಬಂದು ನೋಡಿ ಉಗಿದ. ಕಣ್ಣು ಮುಚ್ಚಿ ಗೋಡೆಯ ಮೇಲೆ ಬೆರಳಾಡಿಸಿದ. "ಇದೇನು ಅಳಿಸೋದು? ಕುರುಡನೂ ಓದ್ತಾನೆ. ಇಲ್ಲಿ ಗೂಬೆಯ ಅಕ್ಷರ, ಇಲ್ಲಿ ರೊಟ್ಟಿದು, ಇಲ್ಲಿ ಹಾವಿಂದು. ಹೆಸರಿನ ಹಳ್ಳ ಹೆಸರಿನ ಆಕಾರದಲ್ಲೇ ಇದೆ. ನಿನ್ನ ಅಂಗಾಲು ಹೇಗಿದೆ ಮಹು, ಚೆನ್ನಾಗಿದೆಯಾ?"

ಮೂರನೇ ತಿಂಗಳು, ಹದಿನಾರನೇ ದಿನ

ದಾರಿ ಗೊತ್ತಿತ್ತು. ಗೊತ್ತಿದ್ದೂ ಹನ್ನೆರಡು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಕೆತ್ತುವಾಗ ಉಳಿ ಜಾರಿ ಗೋಡೆ ಕೆಟ್ಟರೆ ಅದನ್ನು ಸರಿಮಾಡುವುದಕ್ಕೆ ಮಾವ "ಕಲ್ಲಿನ ಗಾಯ ಮಾಗಿಸೋದು" ಅನ್ನುತ್ತಿದ್ದರು. ಗಾಯವನ್ನಷ್ಟೇ ತುಂಬಬಾರದು. ಸುತ್ತ ಒಂದು ಅಂಗೈ ಅಗಲ ಕಲ್ಲನ್ನು ಸಮನಾಗಿ ತಗ್ಗಿಸಬೇಕು, ಅಂಚು ನೇರ ಇರಬಾರದು, ಅದೇ ಗೋಡೆಯ ಪುಡಿಯನ್ನು ಗಾರೆಗೆ ಸೇರಿಸಬೇಕು. ಒಣಗಿದ ಮೇಲೆ ಹೊಸದಾಗಿ ಕೆತ್ತಿದರೆ ಅಲ್ಲಿ ಯಾವತ್ತಾದರೂ ತಪ್ಪಾಗಿತ್ತು ಎಂದು ಕಲ್ಲಿಗೇ ಮರೆತುಹೋಗುತ್ತದೆ. ಈ ವಿದ್ಯೆ ಗೊತ್ತಿದ್ದವರು ಅವರು, ಅವರು ಬಿಟ್ಟರೆ ನಾನು.

ಗಾರೆ ಕಲೆಸುವುದು ತಾಮಿತ್‌ಳ ಕೆಲಸ, ಅಪ್ಪನಿಂದ ಕಲಿತದ್ದು. ಬಟ್ಟೆಯಲ್ಲಿ ಸೋಸಿದ ಪುಡಿ, ಜಾಲಿ ಮರದ ಅಂಟು, ಬಿರುಕು ಬಿಡದ ಹಾಗೆ ನಿಧಾನವಾಗಿ ಒಣಗಲು ಖರ್ಜೂರದ ಪಾಕ ಒಂದೆರಡು ತೊಟ್ಟು. ಊರಿನಲ್ಲಿ ಬೇರೆ ಯಾರೂ ಪಾಕ ಹಾಕುವುದಿಲ್ಲ.

"ಯಾವುದಕ್ಕೆ ಮಹು?" ಅಂತ ಕೇಳಿದಳು.

"ಗೋಡೆ ಸರಿಮಾಡೋಕೆ" ಅಂದೆ.

ಬಿತ್ತನೆಗಾಲ, ಮೊದಲ ತಿಂಗಳು, ಎರಡನೇ ದಿನ

ದೇಹ ಒಣಗಿಸಿ ಬಟ್ಟೆ ಸುತ್ತುವ ಎಪ್ಪತ್ತು ದಿನ ತುಂಬಿ, ನೆಬ್ಸೇನಿಯವರನ್ನು ಗುಡ್ಡದ ಒಳಗಿನ ಗೋರಿಯಲ್ಲಿ ಮಲಗಿಸಿದೆವು. ಪೆಟ್ಟಿಗೆಯ ಮೇಲೆ ಹೆಸರನ್ನು ನಾನೇ ಬರೆದೆ. ತಾಮಿತ್ ಬಸುರಿ. ಬೆಳಗಿನ ಜಾವ ಅಂಗಳದಲ್ಲಿ ನೀರು ಎರೆಯುತ್ತಾ ಸತ್ತವರ ಹೆಸರು ಹೇಳುವಾಗ ಅಪ್ಪನ ಹೆಸರನ್ನು ಮೂರು ಸಲ ಹೇಳುತ್ತಾಳೆ. ಉಳಿದವರಿಗೆಲ್ಲ ಒಂದೇ ಸಲ.

ಮೊದಲ ತಿಂಗಳು, ಇಪ್ಪತ್ತೇಳನೇ ದಿನ

ಕೆನ್ನ ಹೊಸ ಗೋಡೆಯ ಮೇಲೆ ಬೆರಳಾಡಿಸಿದ. ಎರಡನೇ ಸಲವೂ ಆಡಿಸಿದ. "ಎಲ್ಲಿತ್ತಯ್ಯಾ ಇಲ್ಲಿ?" ಅಂದ. ನಾನು ತೋರಿಸಲಿಲ್ಲ. ಸಂತೋಷವಾಯಿತು ಎಂದು ಬರೆಯಲು ನಾಚಿಕೆ. ಆದರೆ ಆಯಿತು.

ಎರಡನೇ ತಿಂಗಳು, ಒಂಬತ್ತನೇ ದಿನ

ಅರಮನೆಯಿಂದ ಎತ್ತಿನ ತೊಡೆ, ಒಳ್ಳೆಯ ಬೀರು ಬಂತು. ಇಡೀ ಗೋಡೆ ಮುಗಿದಿದೆ. ಈಗ ಕ್ಷಮೆ ಕೇಳುತ್ತಾ ನಿಲ್ಲುವುದಿಲ್ಲ, ಗಾರೆ ಗಟ್ಟಿಯಾಗಿಬಿಡುತ್ತದೆ. ಗಂಟಲಲ್ಲಿ ಧೂಳು ಕೂತು ಕೆರೆತ.

ಎರಡನೇ ತಿಂಗಳು, ಇಪ್ಪತ್ಮೂರನೇ ದಿನ

ಅಂದುಕೊಂಡದ್ದೇ ಬಂತು. ಅಪ್ಪಣೆಗೆ ಎದುರಾಡಿದ ಕಲ್ಲುಕುಟಿಗ ನೆಬ್ಸೇನಿಯ ಹೆಸರು ಅವನ ಗೋರಿಯಲ್ಲೂ, ಪೆಟ್ಟಿಗೆಯಲ್ಲೂ, ಊರಿನ ಗುಡಿಯ ಕಲ್ಲಿನಲ್ಲೂ ಇರಬಾರದು. ಮನೆಯಲ್ಲಿ ಬಾಯಿಬಿಟ್ಟು ಹೇಳಲೂಬಾರದು.

ತಾಮಿತ್ ರೊಟ್ಟಿ ತಟ್ಟುತ್ತಿದ್ದಳು. ಹೇಳಿದೆ. ಹಿಟ್ಟಿನ ಕೈಯಲ್ಲೇ ಬಂದು ನನ್ನ ಎರಡೂ ಕೆನ್ನೆ ಹಿಡಿದಳು. "ಎಲ್ಲಾ ತೆಗಿ ಮಹು. ನಿನ್ನ ಕಾಲು ಉಳೀಬೇಕು, ನನಗೆ ಗೊತ್ತು. ಗೋರಿದು ತೆಗಿ, ಪೆಟ್ಟಿಗೆದು ತೆಗಿ, ನಾನು ಒಂದು ಮಾತು ಆಡಲ್ಲ. ಬಾತುಕೋಳಿದು ಒಂದು ಬಿಟ್ಬಿಡು. ಅದು ಯಾರಿಗೂ ಗೊತ್ತಿಲ್ಲ."

"ಬಿಡ್ತೀನಿ."

"ನನ್ನ ಹೊಟ್ಟೆ ಮುಟ್ಟಿ ಹೇಳು."

ಮುಟ್ಟಿ ಹೇಳಿದೆ.

ಮೂರನೇ ತಿಂಗಳು, ಆರನೇ ದಿನ

ಗೋರಿಯ ಕೆಲಸ ಆಯಿತು. ಮಾವನ ಹೆಸರಿನಲ್ಲಿ ಬುಟ್ಟಿಯ ಅಕ್ಷರ ಅಗಲ, ಅಂಚು ಮರೆಸುವುದು ಸುಲಭವಲ್ಲ. ಚೆನ್ನಾಗಿಯೇ ಬಂದಿದೆ. ಅವರೇ ನೋಡಿದ್ದರೂ ಮೆಚ್ಚುತ್ತಿದ್ದರು.

ನಾಲ್ಕನೇ ತಿಂಗಳು, ಹನ್ನೊಂದನೇ ದಿನ

ಮಂತ್ರಿಯದಾಗಿದ್ದ ಗುಡಿಯ ಉತ್ತರದ ಗೋಡೆಗೆ ಹೊಸ ಅಧಿಕಾರಿಯ ಹೆಸರು ಕೆತ್ತುತ್ತಿದ್ದೇನೆ. ಬಾತುಕೋಳಿ ನನ್ನ ತಲೆಯ ಮೇಲೇ ಇದೆ. ಬೇಡವೆಂದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಎಲ್ಲ ಗೋಡೆ ಒಪ್ಪವಾಗಿದೆ, ಅದೊಂದು ಬಿಟ್ಟು. ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ.

ನಾಲ್ಕನೇ ತಿಂಗಳು, ಹದಿನೆಂಟನೇ ದಿನ

ಮೇಲೆ ಹತ್ತಿ ಮುಟ್ಟಿ ನೋಡಿದೆ, ಅಷ್ಟೇ.

ನಾಲ್ಕನೇ ತಿಂಗಳು, ಹತ್ತೊಂಬತ್ತನೇ ದಿನ

ತೆಗೆದೆ.

ಯಾರೂ ಹೇಳಿರಲಿಲ್ಲ, ಯಾರಿಗೂ ಗೊತ್ತೂ ಇರಲಿಲ್ಲ, ನಿಜ. ನನಗೆ ಗೊತ್ತಿತ್ತಲ್ಲ. ಕೆಲಸ ಎಂದಮೇಲೆ ಪೂರ್ತಿ ಇರಬೇಕು. ಅದನ್ನೂ ಅವರೇ ಕಲಿಸಿದ್ದು. ಅಷ್ಟು ಸಣ್ಣ ಜಾಗದಲ್ಲಿ ಗಾರೆ ಕೂರಿಸಿ ಗರಿಗಳನ್ನು ಒಂದೊಂದಾಗಿ ಮತ್ತೆ ಎಳೆದಿದ್ದೇನೆ. ಇಲ್ಲಿಯವರೆಗೆ ಮಾಡಿದ್ದರಲ್ಲೆಲ್ಲ ಇದೇ ಉತ್ತಮ. ಹೇಬಿಗೆ ತೋರಿಸಲು ಆಗುವುದಿಲ್ಲವಲ್ಲ ಎಂಬುದೊಂದೇ ಬೇಸರ.

ಸಂಜೆ ತಾಮಿತ್, "ಬಾತುಕೋಳಿ ಹೇಗಿದೆ?" ಅಂದಳು.

"ಹಾರ್ತಾ ಇದೆ" ಅಂದೆ. ನಕ್ಕಳು. ಅಪ್ಪ ಸತ್ತ ಮೇಲೆ ಅವಳು ನಕ್ಕದ್ದು ಇದೇ ಮೊದಲು.

ಸುಗ್ಗಿಗಾಲ, ಎರಡನೇ ತಿಂಗಳು, ಮೂರನೇ ದಿನ

ಕಣಿವೆಯ ಹಬ್ಬ. ಊರಿಗೆ ಊರೇ ಹೂವು, ರೊಟ್ಟಿ, ಬೀರು ಹೊತ್ತು ಸತ್ತವರ ಗುಡಿಗಳಿಗೆ ಹೋಯಿತು. ತುಂಬಿದ ಹೊಟ್ಟೆ ಹೊತ್ತುಕೊಂಡು ತಾಮಿತ್ ನನ್ನ ಜೊತೆಯೇ ಬಂದಳು. ಎಲ್ಲರೂ ಕುಡಿದು ಹಾಡುತ್ತಿದ್ದಾಗ ಉತ್ತರದ ಗೋಡೆಯ ಹತ್ತಿರ ಏಣಿ ಎಳೆದುಕೊಂಡಳು. ಬೇಡವೆಂದೆ. ಕೇಳಲಿಲ್ಲ.

ರೆಕ್ಕೆಯ ಕೆಳಗೆ ಬೆರಳಿಟ್ಟಳು. ಆ ಕಡೆ ಈ ಕಡೆ ಸವರಿದಳು. ಕಣ್ಣಿಗೂ ಬೆರಳಿಗೂ ಏನೂ ಸಿಕ್ಕಿರಲಾರದು, ನನ್ನ ಕೆಲಸ ಹಾಗಿತ್ತು. ಜಾಗ ತಪ್ಪಿರಬೇಕು ಎಂದುಕೊಂಡಳೋ ಏನೋ, ಇನ್ನೊಂದು ಬಾತುಕೋಳಿಯನ್ನೂ ಮುಟ್ಟಿ ನೋಡಿ ಮತ್ತೆ ಇದಕ್ಕೇ ಬಂದಳು. ಆಮೇಲೆ ಮುಖವನ್ನು ಗೋಡೆಗೆ ಒತ್ತಿ ಅಲ್ಲಿ ನಾಲಿಗೆ ಇಟ್ಟಳು.

ಪಾಕದ ಸಿಹಿ.

ಇಳಿದು ಬಂದು ಬಾಯಿ ಒರೆಸಿಕೊಂಡಳು. "ನನ್ನ ಗಾರೆ. ನಾನು ಕಲೆಸಿಕೊಟ್ಟ ಗಾರೆ" ಅಂದಳು. ಅಷ್ಟೇ. ಕಿರುಚಲಿಲ್ಲ. ಕಿರುಚಿದ್ದರೆ ಏನಾದರೂ ಹೇಳಬಹುದಿತ್ತು.

ಮೂರನೇ ತಿಂಗಳು, ಇಪ್ಪತ್ತನೇ ದಿನ

ಮಾತಿಲ್ಲ. ರೊಟ್ಟಿ ಇಡುತ್ತಾಳೆ, ಗಾರೆ ಕಲೆಸುತ್ತಾಳೆ, ಪಾಕ ಹಾಕುವುದಿಲ್ಲ. ಒಣಗಿದ ಮೇಲೆ ಬಿರುಕು ಬಿಡುತ್ತಿದೆ. ಹೇಳಿ ಹೇಳಿ ಸಾಕಾಯಿತು.

ನನ್ನನ್ನು ಕರೆಯಬೇಕಾದರೆ ಲೋಟ ಕುಟ್ಟುತ್ತಾಳೆ. ಚಿಕ್ಕಂದಿನಿಂದ ಬಾಯಿತುಂಬ ಮಹು, ಮಹು ಎನ್ನುತ್ತಿದ್ದವಳು. ಊರವರೂ ಈಗ "ಮೇಸ್ತ್ರಿಗಳೇ" ಅನ್ನುತ್ತಾರೆ, ಹೇಬಿ ಕೂಡ. ಎದುರಿಗೆ ಬಂದರೆ ದಾರಿ ಬಿಡುತ್ತಾರೆ. ಸ್ಥಾನಮಾನ ಬಂದಮೇಲೆ ಹಾಗೆಯೇ ತಾನೆ.

ನಾಲ್ಕನೇ ತಿಂಗಳು, ಎಂಟನೇ ದಿನ

ಗಂಡು ಮಗು.

ಹೆರಿಗೆಗೆ ಕುಕ್ಕರಿಸುವ ಇಟ್ಟಿಗೆಗಳ ಮೇಲಿಂದ ಇಳಿಯುವ ಮೊದಲೇ, ತಾಯಿ ಕೂಗಿ ಹೆಸರಿಡಬೇಕಾದ ಹೊತ್ತಿನಲ್ಲಿ, ಅವಳು ಆ ಹೆಸರನ್ನೇ ಕೂಗಿದಳು. ಮೂರು ಸಲ. ಹೊರಗೆ ಅಂಗಳದಲ್ಲಿ ಕೂತಿದ್ದ ನನಗೂ ಕೇಳಿಸಿತು, ಪಕ್ಕದ ಮನೆಗೂ ಕೇಳಿಸಿರಬೇಕು. ಸೂಲಗಿತ್ತಿ ಮುದುಕಿ ಕೈಮುಗಿಯುತ್ತಾ ಹೊರಗೆ ಓಡಿಬಂದಳು. "ಅಯ್ಯಾ, ನನಗೇನೂ ಕೇಳಿಸ್ಲಿಲ್ಲ. ನನಗೆ ಮೊದಲಿಂದ ಕಿವಿ ಮಂದ."

ಒಳಗೆ ಹೋದೆ. ತಾಮಿತ್ ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿ ಮಾತಾಡಿದಳು. "ಈಗ ಉಳಿ ತಗೊಂಡು ಬಾ."

ನಾಲ್ಕನೇ ತಿಂಗಳು, ಹನ್ನೆರಡನೇ ದಿನ

ಇವತ್ತಿನ ಚಕ್ಕೆ ದೊಡ್ಡದು, ನಡೆದದ್ದನ್ನು ಸರಿಯಾಗಿ ಬರೆಯುತ್ತೇನೆ. ಯಾರಾದರೂ ಕೇಳಿದರೆ ಇರಲಿ.

ಕೆನ್ನ ಮಗುವನ್ನು ಊರಿನ ಪಟ್ಟಿಗೆ ಸೇರಿಸಲು ಬಂದ. ಊರಿನಲ್ಲಿ ಗುಸುಗುಸು ಕೇಳಿಕೊಂಡೇ ಬಂದಿದ್ದ. ಬಾಗಿಲು ಮುಂದಕ್ಕೆ ಮಾಡಿ ಕೂತ. ಅವನಿಗೂ ಆರು ಮಕ್ಕಳಿದ್ದಾರೆ. "ನೋಡಪ್ಪಾ, ನಾನು ಏನೂ ಕೇಳಿಲ್ಲ. ಯಾವುದಾದ್ರೂ ಒಂದು ಹೆಸರು ಹೇಳು, ಬರ್ಕೊಂಡು ಹೋಗ್ತೀನಿ. ಮನೆ ಒಳಗೆ ಅವಳು ಏನು ಬೇಕಾದ್ರೂ ಕರ್ಕೊಳ್ಳಲಿ, ಗೋಡೆಗೆ ಕಿವಿ ಇಲ್ಲ."

ತಾಮಿತ್ ಮಗುವನ್ನು ಎದೆಗೆ ಹಾಕಿಕೊಂಡು ಒಳಗಿನ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಬೇಡಿಕೊಂಡಳು ಎಂದು ಹೇಳಲಾರೆ. ಕಾಯುತ್ತಿದ್ದಳು.

ನನಗೆ ಬಾಯಿಗೆ ಒಂದು ಹೆಸರೂ ಬರಲಿಲ್ಲ ಎಂದಲ್ಲ. ನಾಲ್ಕಾರು ಬಂದವು. ಆದರೆ ಮೇಲೆ ಗಾರೆ ಬಳಿದು ಒಳಗೆ ಹೆಸರು ಬಿಡುವುದು ನನ್ನ ಕೆಲಸದ ರೀತಿಯಲ್ಲ. ಇವತ್ತಲ್ಲ ನಾಳೆ ಗಾರೆ ಉದುರುತ್ತದೆ, ಆಗ ಕೇಳುವುದು ಮೇಸ್ತ್ರಿಯನ್ನೇ.

"ಅವಳು ಇಟ್ಟಿರೋದು ಆ ಹೆಸರೇ ಸ್ವಾಮಿ" ಅಂದೆ. "ಮೂರು ಸಲ ಕೂಗಿದಳು. ಸೂಲಗಿತ್ತಿಗೂ ಕೇಳಿಸಿದೆ."

ಕೆನ್ನನ ಲೇಖನಿಯ ಮಸಿ ಒಣಗಿಹೋಯಿತು. "ನಿನ್ನನ್ನ ಕೇಳಿದ್ದು ನಾನು, ದೊರೆ ಅಲ್ಲ" ಅಂದ. ಆಮೇಲೆ, "ಥೂ" ಅಂದ. ನನಗೆ ಅಂದನೋ, ತನಗೆ ಅಂದುಕೊಂಡನೋ. ಬರೆದುಕೊಂಡ.

ಹದಿನಾರನೇ ದಿನ

ತೆಂಕಣದ ಚಿನ್ನದ ಗಣಿಗೆ, ಧಾನ್ಯ ಬೀಸುವ ಕೆಲಸಕ್ಕೆ. ಅವಳನ್ನೂ ಕೂಸನ್ನೂ ಸೂಲಗಿತ್ತಿಯನ್ನೂ ದೋಣಿ ಹತ್ತಿಸಿದರು. ಆ ಗಣಿಯಿಂದ ತಿರುಗಿ ಬಂದವರನ್ನು ನಾನು ಕಂಡಿಲ್ಲ.

ದಡಕ್ಕೆ ಹೋಗಬಾರದೆಂದಿದ್ದೆ, ಹೋದೆ. ಕೂಸು ಅಳುತ್ತಿತ್ತು. ಹೇಬಿ ನದಿಯ ಕಡೆಗೆ ಮುಖ ಮಾಡಿ, ನನ್ನನ್ನು ನೋಡದೆ ಹೇಳಿದ. "ನೀನು ಮಾವನ ಕಾಲು ಹಿಡಿದಾಗ ನಿನ್ನ ಪರವಾಗಿ ಮಾತಾಡಿದ್ದೆ ನಾನು."

ಮನೆಗೆ ಬಂದು ಹಳೆಯ ಚಕ್ಕೆಗಳನ್ನು ಹುಡುಕಿದೆ. ಮೊದಲಿನವುಗಳಲ್ಲಿ ಆ ಮನುಷ್ಯನ ಹೆಸರು ಇದೆಯಲ್ಲ, ಕೆರೆದು ತೆಗೆಯಬೇಕು. ಗೂಡಿನಲ್ಲಿ ಅಂಥದ್ದು ಒಂದೂ ಇಲ್ಲ. ಅವಳಿಗೆ ಓದಲು ಬರುತ್ತಿದ್ದುದು ಆ ಒಂದೇ ಹೆಸರು. ಅದಿರುವುದನ್ನೆಲ್ಲ ಆರಿಸಿ ಕಟ್ಟಿಕೊಂಡು ಹೋಗಿರಬೇಕು.

ನೆರೆಗಾಲ, ಮೊದಲ ತಿಂಗಳು, ಐದನೇ ದಿನ

ಮುಂದಕ್ಕೆಂದು ಕೊರೆದಿಟ್ಟುಕೊಂಡ ನನ್ನ ಗೋರಿಯ ಗೋಡೆಯಲ್ಲಿ ನಾವು ಗಂಡಹೆಂಡತಿ ಇಬ್ಬರೂ ಕೂತಿರುವ ಹಾಗೆ ನಾಲ್ಕು ವರ್ಷದ ಹಿಂದೆ ಕೆತ್ತಿದ್ದೆ. ಅಪರಾಧಿಯ ಚಿತ್ರ ಇರುವ ಹಾಗಿಲ್ಲ. ಈ ಸಲ ಯಾರೂ ಬಂದು ಹೇಳಲಿಲ್ಲ, ನಾನೇ ಶುರು ಮಾಡಿದೆ.

ಮುಖ ಒಂದು ದಿನ, ಉಡುಗೆ ಒಂದು ದಿನ. ಅವಳಿದ್ದ ಜಾಗದಲ್ಲಿ ರೊಟ್ಟಿಯ ರಾಶಿ ಕೆತ್ತಿದೆ, ಚೆನ್ನಾಗಿ ಹೊಂದಿಕೊಂಡಿದೆ. ತೊಂದರೆ ಕೊಟ್ಟದ್ದು ಕೈ. ಅವಳ ಬಲಗೈ ನನ್ನ ಭುಜದ ಮೇಲಿತ್ತು. ಅದನ್ನು ತೆಗೆಯಬೇಕಾದರೆ ನನ್ನ ಭುಜವನ್ನೇ ತಗ್ಗಿಸಬೇಕು. ತಗ್ಗಿಸಿದೆ. ಪಾಕ ಹಾಕಿ ಗಾರೆಯನ್ನು ನಾನೇ ಕಲೆಸಿದೆ. ಅವಳು ಹಾಕುತ್ತಿದ್ದುದು ಎಷ್ಟು ತೊಟ್ಟು ಎಂದು ಕೇಳಿಟ್ಟುಕೊಂಡಿರಲಿಲ್ಲ.

ಒಂಬತ್ತನೇ ದಿನ

ಭುಜ ಬಿರುಕು ಬಿಟ್ಟಿದೆ. ಮತ್ತೆ ತುಂಬಬೇಕು.

ಬೆಳಿಗ್ಗೆ ನೀರು ಎರೆಯುವುದೂ ಈಗ ನನ್ನ ಪಾಲಿಗೇ. ಅಂಗಳದಲ್ಲಿ ನಿಂತು ನಮ್ಮಮ್ಮನ ಹೆಸರು, ಅಪ್ಪನ ಹೆಸರು ಹೇಳಿದೆ. ಧೂಳಿನ ಗಂಟಲು, ದನಿ ಕೀರಲು ಕೀರಲಾಗಿ ಬಂತು. ಮುಂದೆ ನನಗೆ ನೀರೆರೆದು ಹೇಳುವವರು ಯಾರು ಎಂಬ ಯೋಚನೆ ಬಂದು, ದನಿ ಇರುವಾಗಲೇ ನನ್ನ ಹೆಸರನ್ನು ನಾನೇ ಒಂದು ಸಲ ಹೇಳಿಕೊಳ್ಳೋಣ ಎಂದು ಬಾಯಿ ತೆರೆದೆ. ಕೆಮ್ಮು ಬಂತು, ಅಂಗೈಯಲ್ಲಿ ಬಿಳಿ ಕಫ ಬಿತ್ತು, ಹೆಸರು ಹೊರಡಲಿಲ್ಲ. ಎರಡನೇ ಸಲವೂ ಹೊರಡಲಿಲ್ಲ. ಗೋಡೆಯ ಆಚೆ ಹೇಬಿಯ ಹೆಂಡತಿ ನಿಂತು ಕೇಳುತ್ತಿದ್ದಳು, ನಾನು ತಲೆ ಎತ್ತಿದೊಡನೆ ಒಳಗೆ ಹೋದಳು.

ಹೇಳಲಾಗದಿದ್ದರೆ ಏನಂತೆ, ಇಲ್ಲಿ ಬರೆದಿಟ್ಟರಾಯಿತು ಎಂದು ಕುಳಿತೆ. ಚಕ್ಕೆ ಸಣ್ಣದು, ಇಷ್ಟು ಬರೆಯುವಷ್ಟರಲ್ಲಿ ಜಾಗ ಮುಗಿಯಿತು.